ಕಾಡು, ದನ, ಉಣುಗು: ಮಂಗನ ಕಾಯಿಲೆಯ ಸಂಶೋಧನೆ ಏನನ್ನು ಅಳೆಯುತ್ತದೆ?

ಮಲೆನಾಡಿನ ಕಾಡಿನ ಜ್ವರವಾದ ಮಂಗನ ಕಾಯಿಲೆಯ ಬಗ್ಗೆ ಬೆಂಗಳೂರಿನಲ್ಲಿದ್ದುಕೊಂಡು ಪಿಎಚ್‌ಡಿ ಮಾಡುವುದು ಹೇಗೆ ಅಂತ ಹಲವರು ಕೇಳುತ್ತಾರೆ. ಸ್ವಲ್ಪ ಬಳ್ಳಾರಿ ರಸ್ತೆಯ ಆಸುಪಾಸು ನೋಡಿ. ಹೆಬ್ಬಾಳ ದಾಟಿದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಅದರ ಆವರಣದಲ್ಲೇ ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್. ಜಕ್ಕೂರಿನ ಹತ್ತಿರ ಪರಿಸರ ಸಂಶೋಧನೆಯ ಏಟ್ರೀ. ಯಲಹಂಕದಲ್ಲಿ ಜಾನುವಾರು ರೋಗಗಳ ಜಾಡು ಹಿಡಿಯುವ ನಿವೇದಿ. ಇತ್ತ ಐಐಎಸ್ಸಿಯಲ್ಲಿ ಪರಿಸರ ವಿಜ್ಞಾನ ಕೇಂದ್ರ. ಕಾಡು ಓದುವವರು, ದನ ಓದುವವರು, ಹುಳ-ಹುಪ್ಪಟೆ ಓದುವವರು ಒಂದೇ ಊರಿನಲ್ಲಿದ್ದಾರೆ. ಮಂಗನ ಕಾಯಿಲೆಗೆ ಇಷ್ಟೂ ಜನ ಬೇಕು, ಯಾಕೆಂದರೆ ಇದು ಬರೀ ವೈದ್ಯರ ವಿಷಯ ಅಲ್ಲ. ಕಾಡನ್ನು ನಾವು ಹೇಗೆ ಬಳಸುತ್ತೇವೆ, ಹೇಗೆ ಬದಲಾಯಿಸುತ್ತೇವೆ ಅನ್ನುವುದಕ್ಕೂ ಈ ಜ್ವರಕ್ಕೂ ನೇರ ನಂಟಿದೆ.

ಆ ನಂಟು ಎಂಥದ್ದು ಅನ್ನುವಲ್ಲೇ ಗೊಂದಲ. "ಕಾಡು ಕಡಿದಿದ್ದಕ್ಕೇ ಕಾಯಿಲೆ ಬಂತು" ಅಂತ ಒಬ್ಬರು ಹೇಳುತ್ತಾರೆ. "ಮನೆ ಪಕ್ಕ ಕಾಡು ಬೆಳೆಯಲು ಬಿಟ್ಟಿದ್ದಕ್ಕೇ ಬಂತು" ಅಂತ ಇನ್ನೊಬ್ಬರು. ಎರಡರಲ್ಲೂ ಒಂದಿಷ್ಟು ಸತ್ಯ ಇದೆ. ಯಾವುದು ಎಲ್ಲಿ, ಎಷ್ಟು ಸತ್ಯ ಅಂತ ಬಿಡಿಸಿ ನೋಡುವುದೇ ಈ ಸಂಶೋಧನೆಯ ಕೆಲಸ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನಕ್ಕೂ ಜೋರು ಜ್ವರ. ಹಳದಿ ಜ್ವರ ಭಾರತಕ್ಕೂ ಬಂತೇನೋ ಅಂತ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮೊದಲು ಹೆದರಿದರು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಹೊಸ ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಸ್‌ಗೆ ಅದು ಹತ್ತಿರದ ಸಂಬಂಧಿ. ಆಮೇಲೆ ಸಾಗರದಲ್ಲಿ ಕ್ಷೇತ್ರ ಕೇಂದ್ರವೇ ತೆರೆದು ವರ್ಷಗಟ್ಟಲೆ ಕೆಲಸ ಮಾಡಿದರು. ಇವತ್ತು ನಮಗೆ ಗೊತ್ತಿರುವ ಬಹಳಷ್ಟು ವಿಷಯ ಆ ಕಾಲದ ಬೆವರಿನಿಂದ ಬಂದದ್ದು.

ದಶಕಗಟ್ಟಲೆ ಈ ಕಾಯಿಲೆ ಹೆಚ್ಚಾಗಿ ಮಲೆನಾಡು, ಕರಾವಳಿ ಜಿಲ್ಲೆಗಳಲ್ಲೇ ಉಳಿದಿತ್ತು. 2012ರಿಂದೀಚೆಗೆ ಚಿತ್ರ ಬದಲಾಯಿತು. ಬಂಡೀಪುರ, ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ, ಹೀಗೆ ಪಶ್ಚಿಮ ಘಟ್ಟದುದ್ದಕ್ಕೂ ಕಾಣಿಸಿತು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಶುರುವಾದ ಕಾಯಿಲೆ ಎಷ್ಟೋ ಮನೆಗಳನ್ನು ಅಲ್ಲಾಡಿಸಿತು. ಕಾಯಿಲೆ ಬಂದವರಲ್ಲಿ ನೂರಕ್ಕೆ 3ರಿಂದ 5 ಜನ ಸಾಯುತ್ತಾರೆ ಅನ್ನುವುದು ಸಾಮಾನ್ಯವಾಗಿ ಕೊಡುವ ಅಂದಾಜು. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ದ್ರವ ಕೊಟ್ಟು, ರಕ್ತಸ್ರಾವ ನೋಡಿಕೊಂಡು ರೋಗಿಯನ್ನು ದಾಟಿಸಬೇಕು. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಅನ್ನುವುದು ಒಂದು ಸಮಾಧಾನ.

ಈಗ ಈ ವೈರಸ್ಸನ್ನು ಮನುಷ್ಯರಿಗೆ ದಾಟಿಸುವ ಉಣುಗಿನ ವಿಷಯಕ್ಕೆ ಬರೋಣ. ಎಲ್ಲದರ ಕೀಲಿಕೈ ಅದರ ಬದುಕಿನಲ್ಲಿದೆ.

ಉಣುಗು ಕೀಟ ಅಲ್ಲ, ಜೇಡ ಚೇಳುಗಳ ಬಳಗದ ಪ್ರಾಣಿ. ಮಂಗನ ಕಾಯಿಲೆ ಹರಡುವುದರಲ್ಲಿ ಮುಖ್ಯವಾದ ಜಾತಿಯ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಬದುಕಿನಲ್ಲಿ ಅದು ಮೂರು ಹಂತ ದಾಟುತ್ತದೆ: ಆರು ಕಾಲಿನ ಮರಿ, ಎಂಟು ಕಾಲಿನ ಎಳೆ ಉಣುಗು, ಕೊನೆಗೆ ಬೆಳೆದ ಉಣುಗು. ಒಂದೊಂದು ಹಂತಕ್ಕೂ ಒಮ್ಮೆ ರಕ್ತ ಬೇಕು. ಪ್ರತಿ ಸಲವೂ ಬೇರೆ ಪ್ರಾಣಿ. ಹತ್ತುತ್ತದೆ, ಹೊಟ್ಟೆ ತುಂಬ ಕುಡಿಯುತ್ತದೆ, ನೆಲಕ್ಕೆ ಉದುರುತ್ತದೆ, ತರಗೆಲೆಯ ಅಡಿ ಕೂತು ಪೊರೆ ಬಿಟ್ಟು ಮುಂದಿನ ಹಂತಕ್ಕೆ ಹೋಗುತ್ತದೆ. ಅಂದರೆ ಬದುಕಿನ ಬಹುಪಾಲು ಅದು ಕಳೆಯುವುದು ಪ್ರಾಣಿಯ ಮೈಮೇಲಲ್ಲ, ಕಾಡಿನ ನೆಲದಲ್ಲಿ. ನೆಲ ಎಷ್ಟು ತಂಪು, ಎಷ್ಟು ತೇವ, ಎಲೆಯ ಹಾಸು ಎಷ್ಟು ದಪ್ಪ ಅನ್ನುವುದೇ ಅದರ ಸಾವು ಬದುಕಿನ ಪ್ರಶ್ನೆ. ಹಾಗಾಗಿಯೇ ಕಾಡಿನ ನಿರ್ವಹಣೆ ಈ ಕಥೆಯೊಳಗೆ ಬರುತ್ತದೆ.

ಕಾಲಮಾನವೂ ಕರಾರುವಾಕ್ಕು. ಮಳೆಗಾಲದಲ್ಲಿ ಬೆಳೆದ ಉಣುಗುಗಳು ದನ ಮತ್ತು ದೊಡ್ಡ ಪ್ರಾಣಿಗಳ ರಕ್ತ ಕುಡಿದು ನೆಲದಲ್ಲಿ ರಾಶಿ ರಾಶಿ ಮೊಟ್ಟೆ ಇಡುತ್ತವೆ. ಮಳೆ ನಿಂತ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ, ಮರಿಗಳು ಗುಂಪು ಗುಂಪಾಗಿ ಹೊರಬರುತ್ತವೆ. ಇಲಿ, ಮೂಗಿಲಿ, ಕಾಡುಕೋಳಿ, ಮಂಗ, ಯಾವುದು ಸಿಕ್ಕರೂ ಹತ್ತುತ್ತವೆ. ಆ ಪ್ರಾಣಿಯಲ್ಲಿ ವೈರಸ್ ಇದ್ದರೆ ಮರಿಗೆ ಬರುತ್ತದೆ. ಪೊರೆ ಬಿಟ್ಟರೂ ಅದರ ಒಳಗೇ ಉಳಿಯುತ್ತದೆ. ಡಿಸೆಂಬರ್ ಹೊತ್ತಿಗೆ ಆ ಮರಿಗಳು ಎಳೆ ಉಣುಗುಗಳಾಗಿರುತ್ತವೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಇವೇ. ಗಾತ್ರ ಎಷ್ಟು ಚಿಕ್ಕದೆಂದರೆ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಕಾಯಿಲೆ ಕಾಣಿಸುವುದು ಇದಕ್ಕೇ. ಜನ ಸೌದೆ ತರಲು, ದರಗು (ಉದುರಿದ ಒಣ ಎಲೆ) ಗುಡಿಸಲು, ಕಾಡುತ್ಪತ್ತಿ ಆಯಲು ಕಾಡಿಗೆ ಹೋಗುವುದೂ ಅದೇ ತಿಂಗಳುಗಳಲ್ಲಿ, ಅಲ್ವಾ?

ಇನ್ನು ಪ್ರಾಣಿಗಳ ಪಾತ್ರ. ಕೆಂಪು ಮೂತಿಯ ಮಂಗ ಮತ್ತು ಮುಸ್ಯಗಳಿಗೆ ಸೋಂಕು ತಗುಲಿದರೆ ರಕ್ತದಲ್ಲಿ ವೈರಸ್ ವಿಪರೀತ ಏರುತ್ತದೆ. ಮೈಮೇಲಿದ್ದ ಉಣುಗುಗಳಿಗೆಲ್ಲ ಅದು ಸಿಗುತ್ತದೆ. ಮಂಗ ಸತ್ತು ಬಿದ್ದ ಜಾಗದಲ್ಲಿ ಅವೆಲ್ಲ ನೆಲಕ್ಕೆ ಇಳಿಯುತ್ತವೆ. ಅದಕ್ಕೇ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ ಅನ್ನುವುದು. ಆದರೆ ಮಂಗವೂ ನಮ್ಮಂತೆಯೇ ಸಾಯುವ ಬಲಿಪಶು. ವರ್ಷವಿಡೀ ವೈರಸ್ಸನ್ನು ಕಾಡಿನಲ್ಲಿ ಉಳಿಸಿಕೊಂಡು ಬರುವುದರಲ್ಲಿ ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳ ಪಾತ್ರ ಇದೆ ಅಂತ ಸಂಶೋಧಕರು ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ಎಷ್ಟು ಪಾತ್ರ, ಯಾವ ಜಾತಿಯದು ಅನ್ನುವುದು ಈಗಲೂ ತೆರೆದ ಪ್ರಶ್ನೆ.

ದನದ ಪಾತ್ರ ಅರ್ಥ ಮಾಡಿಕೊಳ್ಳಲು ಸ್ವಲ್ಪ ನಿಧಾನಿಸಬೇಕು. ದನದ ರಕ್ತದಲ್ಲಿ ವೈರಸ್ ಉಣುಗಿಗೆ ದಾಟುವಷ್ಟು ಏರುವುದಿಲ್ಲ. ಹಾಗಾದರೆ ದನ ನಿರಪಾಯ ಅಂತೀರಾ? ಅದು ಉಣುಗಿಗೆ ಸೋಂಕು ಕೊಡುವುದಿಲ್ಲ, ಊಟ ಕೊಡುತ್ತದೆ. ಕಾಡಿನಲ್ಲಿ ಮೇಯುವ ಮಲೆನಾಡು ಗಿಡ್ಡ ದನಗಳ ಮೇಲೆ ಬೆಳೆದ ಉಣುಗು ಹೊಟ್ಟೆ ತುಂಬಿಸಿಕೊಂಡು, ಮುಂದಿನ ವರ್ಷದ ಮೊಟ್ಟೆಗೆ ದಾರಿ ಮಾಡಿಕೊಳ್ಳುತ್ತದೆ. ಹಳ್ಳಿಗಳು ಬೆಳೆದು ದನ ಕಾಡಿನೊಳಗೆ ಹೆಚ್ಚು ಹೊಕ್ಕಿದ್ದೇ ಉಣುಗು ಹೆಚ್ಚಲು ಕಾರಣ ಎಂಬ ವಾದವನ್ನು ಈ ಕಾಯಿಲೆಯ ಸಂಶೋಧಕ ಹೋರ್ಹೆ ಬೊಷೆಲ್ 1960ರ ದಶಕದಲ್ಲೇ ಮುಂದಿಟ್ಟಿದ್ದರು.

ಅಲ್ಲಿಗೆ ಒಂದು ವಿಷಯ ಸ್ಪಷ್ಟ. ಉಣುಗು ಜಾಸ್ತಿ ಆಗುವುದು ಬೇರೆ, ಉಣುಗಿನಲ್ಲಿ ವೈರಸ್ ಜಾಸ್ತಿ ಆಗುವುದು ಬೇರೆ. ಮೂರನೆಯದು, ಆ ಉಣುಗು ಮನುಷ್ಯನನ್ನು ಮುಟ್ಟುವುದು. ಮಳೆ ಎಷ್ಟು ಬಂತು ಅನ್ನುವುದು ಬೇರೆ, ನಾವು ಎಷ್ಟು ನೆನೆದೆವು ಅನ್ನುವುದು ಬೇರೆ ಇದ್ದ ಹಾಗೆ. ನನ್ನ ಪ್ರಕಾರ ಈ ಮೂರನ್ನು ಬೇರೆ ಬೇರೆ ಅಳೆಯದ ಅಧ್ಯಯನದಿಂದ ಕಾಡಿನ ಬಗ್ಗೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬಾರದು.

ಲೆಕ್ಕಕ್ಕೆ ಹೀಗೆ ಅಂದುಕೊಳ್ಳಿ. ಒಂದು ಕಾಡಿನಲ್ಲಿ 1000 ಉಣುಗು ಸಿಕ್ಕಿವೆ, ವೈರಸ್ ಇರುವುದು ಒಂದರಲ್ಲಿ. ಇನ್ನೊಂದು ಕಾಡಿನಲ್ಲಿ 200 ಸಿಕ್ಕಿವೆ, ವೈರಸ್ ಇರುವುದು ನಾಲ್ಕರಲ್ಲಿ. ಮೈಗೆ ಹತ್ತಿದ ಉಣುಗು ಎಣಿಸುವವರಿಗೆ ಮೊದಲನೆಯದೇ ಭಯಂಕರ. ಕಾಯಿಲೆಯ ದೃಷ್ಟಿಯಿಂದ ಎರಡನೆಯದು ಅಪಾಯಕಾರಿ. ಇನ್ನು ಎರಡನೆಯ ಕಾಡಿಗೆ ಯಾರೂ ಕಾಲಿಡುವುದಿಲ್ಲ, ಮೊದಲನೆಯದರಲ್ಲಿ ಇಡೀ ಊರು ದರಗು ಗುಡಿಸುತ್ತದೆ ಅಂದರೆ ಲೆಕ್ಕ ಮತ್ತೆ ತಿರುಗುತ್ತದೆ.

ಈಗ ಕಾಡಿನ ನಿರ್ವಹಣೆ. ಕೇಳಲು ಕಚೇರಿಯ ಮಾತು, ಆದರೆ ಮಲೆನಾಡಿನಲ್ಲಿ ಇದು ದಿನದ ಬದುಕು. ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನ ಬೆಟ್ಟಗಳಿವೆ. ಅಲ್ಲಿ ಮರದ ಕೊಂಬೆ ಕಡಿಯುತ್ತಾರೆ, ನೆಲದ ದರಗು ಗುಡಿಸಿ ಕೊಟ್ಟಿಗೆಗೆ, ಗೊಬ್ಬರದ ಗುಂಡಿಗೆ ಹಾಕುತ್ತಾರೆ. ಅರಣ್ಯ ಇಲಾಖೆಯ ಅಕೇಶಿಯಾ ನೆಡುತೋಪುಗಳಿವೆ. ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆಗೆ ಕೊಟ್ಟಿದ್ದ ನೆಡುತೋಪಿನ ಜಾಗಗಳಿವೆ, ಅವುಗಳ 40 ವರ್ಷದ ಗುತ್ತಿಗೆ 2020ರಲ್ಲಿ ಮುಗಿಯಿತು. ಬೆಂಕಿ ತಡೆಯಲು ಗೆರೆ ಎಳೆಯುತ್ತಾರೆ. ಹೊರಗಿನಿಂದ ಬಂದ ಲಂಟಾನದ ಪೊದೆ ಕೀಳುತ್ತಾರೆ, ಅಥವಾ ಕೀಳದೆ ಬಿಡುತ್ತಾರೆ. ಇವೆಲ್ಲವೂ ಕಾಡಿನ ನೆಲವನ್ನು ಬದಲಾಯಿಸುತ್ತವೆ. ಉಣುಗು ಇರುವುದು ಆ ನೆಲದಲ್ಲೇ.

ಕಾಡು ಕಡಿದದ್ದರ ಪರಿಣಾಮಕ್ಕೆ ಎಲ್ಲರೂ ಕೊಡುವ ಉದಾಹರಣೆ ಬೆಳ್ತಂಗಡಿ ತಾಲ್ಲೂಕಿನದು. 1980ರ ದಶಕದ ಮೊದಲ ವರ್ಷಗಳಲ್ಲಿ ನಿಡ್ಲೆಯ ಕಡೆ ಗೇರು ತೋಪು ಮಾಡಲು ಕಾಡು ತೆರವು ಮಾಡಿದರು. ಆಮೇಲೆ ಸಾವಿರಕ್ಕೂ ಜಾಸ್ತಿ ಜನಕ್ಕೆ ಮಂಗನ ಕಾಯಿಲೆ ಬಂತು. ಉಣುಗು, ಮಂಗ, ಇಲಿ ಇದ್ದ ಕಾಡಿನೊಳಗೆ ಒಮ್ಮೆಲೇ ನೂರಾರು ಕೂಲಿಯವರು ಇಳಿದರೆ ಏನಾಗುತ್ತದೆ ಅಂತ ಊಹಿಸಬಹುದು. ಅಲ್ಲಿ ಮೂರನೆಯ ಅಂಶ, ಅಂದರೆ ಮನುಷ್ಯರ ಸಂಪರ್ಕ, ಒಂದೇ ಏಟಿಗೆ ಏರಿತು.

ಆದರೆ ಪ್ರತಿ ಸಲ ಕಥೆ ಅಷ್ಟು ಸರಳ ಅಲ್ಲ. ಮರ ಕಡಿದರೆ ಬಿಸಿಲು ನೆಲಕ್ಕೆ ಬೀಳುತ್ತದೆ. ನೆಲ ಒಣಗುತ್ತದೆ. ಉಣುಗಿನ ಮೊಟ್ಟೆ, ಮರಿ ಸಾಯಬೇಕು. ಕೆಲವು ಕಡೆ ಹಾಗೇ ಆಗಬಹುದು. ಇನ್ನು ಕೆಲವು ಕಡೆ ಅದೇ ಬಿಸಿಲಿಗೆ ಲಂಟಾನ ಚಿಗುರುತ್ತದೆ. ವರ್ಷ ಎರಡು ವರ್ಷದಲ್ಲಿ ಅದರ ಪೊದೆಯೊಳಗೆ ಮತ್ತೆ ನೆರಳು, ಮತ್ತೆ ತೇವ. ಇಲಿಗಳಿಗೆ ಬಚ್ಚಿಟ್ಟುಕೊಳ್ಳಲು ಜಾಗ. ಪಕ್ಕದ ಬಯಲಲ್ಲಿ ಹುಲ್ಲು ಬೆಳೆಯುತ್ತದೆ, ದನ ಬರುತ್ತದೆ. ಕಾಡು ಮೊದಲಿನಷ್ಟು ಇಲ್ಲ, ಉಣುಗಿಗೆ ಬೇಕಾದದ್ದು ಮಾತ್ರ ಎಲ್ಲ ಇದೆ. ಒಂದೇ ಕೆಲಸ ಎರಡು ಜಾಗದಲ್ಲಿ ಎರಡು ಫಲ ಕೊಡುತ್ತದೆ. ಅಳೆಯದೆ ಗೊತ್ತಾಗುವುದಿಲ್ಲ.

ಅಮೆರಿಕದ ಕನೆಕ್ಟಿಕಟ್‌ನಲ್ಲಿ ಇದಕ್ಕೆ ಹೋಲುವ ಕೆಲಸ ನಡೆದಿದೆ. ಅಲ್ಲಿ ಲೈಮ್ ಕಾಯಿಲೆ ಹರಡುವ ಉಣುಗು ಬೇರೆ ಜಾತಿಯದು. ಜಪಾನಿ ಬಾರ್ಬೆರಿ ಅನ್ನುವ ಹೊರಗಿನ ಪೊದೆ ಕಾಡಿನಲ್ಲಿ ಹಬ್ಬಿತ್ತು. ಪೊದೆ ತೆಗೆದ ಜಾಗಗಳಲ್ಲಿ ಉಣುಗು ಕಡಿಮೆಯಾಯಿತು, ಯಾಕೆಂದರೆ ಪೊದೆಯಡಿಯ ತೇವ ಹೋಯಿತು. ಹಾಗಂತ ನಮ್ಮಲ್ಲೂ ಲಂಟಾನ ಕಿತ್ತರೆ ಮಂಗನ ಕಾಯಿಲೆ ಕಡಿಮೆಯಾಗುತ್ತದೆ ಅಂತ ಹೇಳಿಬಿಡಬಹುದಾ? ಆಗುವುದಿಲ್ಲ. ಉಣುಗು ಬೇರೆ, ಮಳೆ ಬೇರೆ, ಪ್ರಾಣಿಗಳು ಬೇರೆ. ಜೊತೆಗೆ ಕೀಳುವ ಕೂಲಿಯವರೇ ಉಣುಗಿಗೆ ಮೈಯೊಡ್ಡಬೇಕಾಗುತ್ತದೆ. ಹೊರಗಿನ ಫಲಿತಾಂಶ ನಮಗೆ ಒಳ್ಳೆಯ ಪ್ರಶ್ನೆ ಕೊಡಬಲ್ಲದು, ಉತ್ತರ ಇಲ್ಲಿಯ ನೆಲದಲ್ಲೇ ಹುಡುಕಬೇಕು.

ಬೆಂಕಿಯ ಚರ್ಚೆಯೂ ಇಂಥದ್ದೇ. ನೆಲಬೆಂಕಿ ಹಾಕಿದರೆ ಎಲೆಯ ಹಾಸಿನ ಜೊತೆ ಉಣುಗೂ ಸುಡುತ್ತದೆ. ಅಮೆರಿಕದ ದಕ್ಷಿಣದ ಪೈನ್ ಕಾಡುಗಳಲ್ಲಿ ವರ್ಷಗಟ್ಟಲೆ ನಿಯಮಿತವಾಗಿ ಬೆಂಕಿ ಹಾಕಿದ ಕಡೆ ಉಣುಗು ಗಣನೀಯವಾಗಿ ಇಳಿದಿದೆ. ಒಮ್ಮೆ ಮಾತ್ರ ಸುಟ್ಟರೆ ಹೊಸ ಹುಲ್ಲಿಗೆ ಬರುವ ಪ್ರಾಣಿಗಳು ಉಣುಗನ್ನು ಮರಳಿ ಹೊತ್ತು ತರಬಹುದು. ನಮ್ಮಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಹಾಕುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಹಬ್ಬಿತು ಅಂತ ಅವರು ಹೇಳುತ್ತಾರೆ. ಅವರ ಮಾತನ್ನು ಸಂಶೋಧಕರು ಗಂಭೀರವಾಗಿ ತೆಗೆದುಕೊಳ್ಳಬೇಕು. ಹಾಗೆಂದು ಆ ಒಣ ಕಾಡಿನ ಪದ್ಧತಿಯನ್ನು ಶರಾವತಿ ಕೊಳ್ಳದ ನಿತ್ಯಹರಿದ್ವರ್ಣ ಕಾಡಿಗೆ ತಂದರೆ ಕಾಡೇ ಹಾಳಾಗುತ್ತದೆ. ಅಲ್ಲಿನ ಮರಗಳಿಗೆ ಬೆಂಕಿ ತಾಳುವ ಶಕ್ತಿ ಇಲ್ಲ.

ಇಂಥ ಪ್ರಶ್ನೆ ಹಿಡಿದ ವಿದ್ಯಾರ್ಥಿ ಕಾಡಿನಲ್ಲಿ ಏನು ಮಾಡುತ್ತಾರೆ? ಮೊದಲು ಜಾಗಗಳ ಆಯ್ಕೆ: ಒಳ್ಳೆ ಕಾಡು, ಸೊಪ್ಪಿನ ಬೆಟ್ಟ, ಅಕೇಶಿಯಾ ತೋಪು, ಅಡಿಕೆ ತೋಟದ ಅಂಚು, ಮನೆಯ ಹಿತ್ತಲು. ಒಂದೊಂದು ಬಗೆಯದೂ ಹಲವು ಬೇಕು. ಒಂದೇ ತೋಪು, ಒಂದೇ ಕಾಡು ಹೋಲಿಸಿದರೆ ವ್ಯತ್ಯಾಸ ನಿರ್ವಹಣೆಯದೋ ಜಾಗದ್ದೋ ತಿಳಿಯುವುದಿಲ್ಲ. ಅರಣ್ಯ ಇಲಾಖೆಯ ಅನುಮತಿ, ಪ್ರಾಣಿ ಹಿಡಿಯುವುದಾದರೆ ನೈತಿಕ ಸಮಿತಿಯ ಒಪ್ಪಿಗೆ, ಇವಕ್ಕೇ ತಿಂಗಳುಗಳು ಹೋಗುತ್ತವೆ. ಅನುಮತಿ ಮಾರ್ಚ್ ಕೊನೆಗೆ ಸಿಕ್ಕಿತು ಅಂದರೆ ಎಳೆ ಉಣುಗಿನ ಹಂಗಾಮು ಮುಗಿಯುತ್ತ ಬಂದಿರುತ್ತದೆ, ಇಡೀ ಒಂದು ವರ್ಷ ಹೋದ ಹಾಗೆ.

ಉಣುಗು ಹಿಡಿಯುವ ಸಾಧನ ಬಹಳ ಸರಳ: ಒಂದು ದಪ್ಪ ಬಿಳಿ ಬಟ್ಟೆ. ಅದನ್ನು ಕೋಲಿಗೆ ಕಟ್ಟಿ ನೆಲದ ಮೇಲೆ ಅಳತೆಯ ದೂರ ಎಳೆಯುತ್ತಾರೆ. ಪ್ರಾಣಿ ಬಂತು ಅಂದುಕೊಂಡು ಉಣುಗು ಹತ್ತುತ್ತದೆ. ಚಿಮಟದಿಂದ ತೆಗೆದು ಶೀಶೆಗೆ ಹಾಕುತ್ತಾರೆ. ಮೈತುಂಬ ಬಟ್ಟೆ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಮೇಲೆ ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ. ಅದೇ ಜಾಗದಲ್ಲಿ ತರಗೆಲೆಯ ದಪ್ಪ, ನೆಲದ ತೇವ, ಮರದ ನೆರಳು, ಪೊದೆ, ಸಗಣಿಯ ಗುರುತು ಎಲ್ಲ ಬರೆದುಕೊಳ್ಳುತ್ತಾರೆ. ಬೋನು ಇಟ್ಟು ಇಲಿ ಹಿಡಿದು, ಮೈಮೇಲಿನ ಉಣುಗು ಎಣಿಸಿ ಬಿಡುತ್ತಾರೆ.

ವೈರಸ್ ಹುಡುಕುವುದು ಇದಕ್ಕಿಂತ ಕಷ್ಟ. ಬಹುತೇಕ ಉಣುಗುಗಳಲ್ಲಿ ವೈರಸ್ ಇರುವುದೇ ಇಲ್ಲ. ಒಂದೊಂದನ್ನೇ ಪರೀಕ್ಷಿಸಿದರೆ ದುಡ್ಡೂ ಸಾಲದು, ಆಯುಷ್ಯವೂ ಸಾಲದು. ಅದಕ್ಕೆ ಒಂದೇ ಜಾತಿ, ಒಂದೇ ಹಂತ, ಒಂದೇ ಜಾಗದ ಹತ್ತಾರು ಉಣುಗುಗಳನ್ನು ಒಟ್ಟಿಗೆ ಅರೆದು ಪಿಸಿಆರ್ ಮಾಡುತ್ತಾರೆ. ಪಾಸಿಟಿವ್ ಬಂದರೆ ಕನಿಷ್ಠ ಒಂದರಲ್ಲಿ ವೈರಸ್ ಇತ್ತು ಅಂತ ಅರ್ಥ. ಜೀವಂತ ವೈರಸ್ ಜೊತೆ ಕೆಲಸ ಮಾಡಲು ಅತಿ ಹೆಚ್ಚಿನ ಭದ್ರತೆಯ ಪ್ರಯೋಗಾಲಯ ಬೇಕು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಎನ್‌ಐವಿಯಲ್ಲಿ ಇರುವಂಥದ್ದು. ಹಾಗಾಗಿ ವೈರಸ್ಸನ್ನು ನಿಷ್ಕ್ರಿಯ ಮಾಡುವ ದ್ರಾವಣಕ್ಕೆ ಉಣುಗು ಹಾಕಿದ ಮೇಲೆಯೇ ಮಾಮೂಲಿ ಪ್ರಯೋಗಾಲಯದಲ್ಲಿ ಮುಂದಿನ ಕೆಲಸ. ಎಲ್ಲ ಮಾಡಿದರೂ ಫಲಿತಾಂಶದ ಕಾಲಂನಲ್ಲಿ ಸೊನ್ನೆಗಳೇ ತುಂಬಿರಬಹುದು. ಸೊನ್ನೆ ಅಂದರೆ ವೈರಸ್ ಇಲ್ಲ ಅಂತಲೋ, ಇದ್ದದ್ದು ನಮ್ಮ ಬಟ್ಟೆಗೆ ಹತ್ತಲಿಲ್ಲ ಅಂತಲೋ ಬಿಡಿಸುವುದಕ್ಕೆ ಬೆಂಗಳೂರಿನ ಕಂಪ್ಯೂಟರ್ ಮುಂದೆ ಕೂತು ಸಂಖ್ಯಾಶಾಸ್ತ್ರದ ಗುದ್ದಾಟ ಶುರುವಾಗುತ್ತದೆ.

ರೋಗಿಗಳ ಲೆಕ್ಕದಲ್ಲೂ ಒಂದು ತೊಡಕಿದೆ. ಹಿಂದೆ ಕಾಯಿಲೆ ಬಂದ ಊರಿನಲ್ಲಿ ಆಶಾ ಕಾರ್ಯಕರ್ತೆಯರು ಎಚ್ಚರದಲ್ಲಿರುತ್ತಾರೆ, ಜ್ವರ ಬಂದವರ ರಕ್ತ ಬೇಗ ಪರೀಕ್ಷೆಗೆ ಹೋಗುತ್ತದೆ. ಹೊಸ ಊರಿನಲ್ಲಿ ಅದೇ ಜ್ವರ ಡೆಂಗಿ ಅಂತಲೋ ಟೈಫಾಯ್ಡ್ ಅಂತಲೋ ದಾಟಿಹೋಗಬಹುದು. ನಕ್ಷೆಯಲ್ಲಿ ಚುಕ್ಕೆ ಇಲ್ಲ ಅಂದ ಮಾತ್ರಕ್ಕೆ ಆ ಕಾಡು ಸುರಕ್ಷಿತ ಅಲ್ಲ.

ಇಷ್ಟೆಲ್ಲ ಕಷ್ಟದ ನಡುವೆ ಏನು ತಿಳಿದಿದೆ? ಏಟ್ರೀ ಸೇರಿದಂತೆ ಭಾರತದ ಮತ್ತು ಬ್ರಿಟನ್ನಿನ ಸಂಸ್ಥೆಗಳವರು ಕೂಡಿ ಶಿವಮೊಗ್ಗ ಜಿಲ್ಲೆಯ ಪ್ರಕರಣಗಳನ್ನು ಹಿಡಿದು ಮಾಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ತೇವದ ನಿತ್ಯಹರಿದ್ವರ್ಣ ಕಾಡು ಮತ್ತು ತೋಪುಗಳು ಬೆರೆತಿರುವ, ನಾಟಿ ದನ ಹೆಚ್ಚಿರುವ ಪ್ರದೇಶಗಳಲ್ಲಿ ಕಾಯಿಲೆಯ ಸಾಧ್ಯತೆ ಜಾಸ್ತಿ ಅಂತ ಅದು ತೋರಿಸಿತು. ಒಣ ಎಲೆ ಉದುರುವ ಕಾಡು ಹೆಚ್ಚಿರುವಲ್ಲಿ ಕಡಿಮೆ. ಇದನ್ನು ಸರಿಯಾಗಿ ಓದಬೇಕು. ದಟ್ಟ ಕಾಡಿನ ಒಳಗಿಗಿಂತ ಕಾಡು, ತೋಪು, ತೋಟ, ದನ, ಮನೆ ಒಂದರೊಳಗೊಂದು ಹೆಣೆದುಕೊಂಡ ಜಾಗದ ಮೇಲೆ ಅದು ಬೆರಳಿಡುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಇದು ತಮ್ಮ ಊರಿನ ವರ್ಣನೆ ಅಂತ ಅನ್ನಿಸದೆ ಇರದು. ಅಂಥ ಊರುಗಳಿಂದ ಕಾಡನ್ನು ತೆಗೆದುಹಾಕಿ ಅನ್ನುವುದು ಆಗದ ಮಾತು, ಆಗಬಾರದ ಮಾತು ಕೂಡ. ನೀರು, ಸೊಪ್ಪು, ಬದುಕು ಎಲ್ಲ ಅದರ ಮೇಲೇ ನಿಂತಿದೆ.

ಲಸಿಕೆ ಇದ್ದಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಬೇಕಿರಲಿಲ್ಲ ಅನ್ನುವವರಿಗೆ ಒಂದು ಮಾತು. ಕರ್ನಾಟಕದಲ್ಲಿ 1990ರಿಂದ ಲಸಿಕೆ ಕೊಡುತ್ತಿದ್ದರು. ಎರಡು ಡೋಸು, ಮೇಲೆ ಬೂಸ್ಟರು, ಆಮೇಲೂ ಮತ್ತೆ ಮತ್ತೆ. ಅದರ ಪರಿಣಾಮ ಸಾಲದು ಅಂತ ಕಂಡುಬಂದು 2022ರಲ್ಲಿ ನಿಲ್ಲಿಸಿದರು. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸದನ್ನು ಅಭಿವೃದ್ಧಿಪಡಿಸುತ್ತಿವೆ. ಅದು ಬಂದರೂ ಮನುಷ್ಯರಿಗೆ ರಕ್ಷಣೆ ಸಿಗುತ್ತದೆ, ಕಾಡಿನಲ್ಲಿ ವೈರಸ್ ಹಾಗೇ ಇರುತ್ತದೆ, ಮಂಗಗಳು ಸಾಯುತ್ತಲೇ ಇರುತ್ತವೆ.

ಹಾಗಾಗಿ ನನಗೆ ಅತಿ ಮುಖ್ಯ ಅನ್ನಿಸುವ ಸಂಶೋಧನೆ ಸಣ್ಣ ಸಣ್ಣ ಬದಲಾವಣೆಗಳದ್ದು. ದರಗನ್ನು ಎಳೆ ಉಣುಗು ಹೊರಬರುವ ಮೊದಲೇ ತಂದರೆ ಏನಾದರೂ ವ್ಯತ್ಯಾಸ ಆಗುತ್ತದಾ? ತಂದ ದರಗನ್ನು ಮನೆಯಿಂದ ದೂರ, ಬಿಸಿಲಿನಲ್ಲಿ ಹರಡಿಟ್ಟರೆ? ಮಳೆಗಾಲದಲ್ಲೇ ದನದ ಮೈಯ ಉಣುಗಿಗೆ ಔಷಧಿ ಹಾಕಿದರೆ ಮುಂದಿನ ಬೇಸಿಗೆಗೆ ಎಷ್ಟು ಇಳಿಯುತ್ತದೆ? ಅಕೇಶಿಯಾ ಕಡಿದ ಜಾಗದಲ್ಲಿ ಊರ ಗಿಡ ನೆಟ್ಟರೆ ನೆಲದ ಉಣುಗು, ಇಲಿ, ವೈರಸ್ ಹೇಗೆ ಬದಲಾಗುತ್ತವೆ? ಇವನ್ನೆಲ್ಲ ಊರಿನವರ ಜೊತೆ ಕೂತು ಪ್ರಯೋಗ ಮಾಡಬಹುದು. ದಿನಾ ಕಾಡಿಗೆ ಹೋಗುವ ಹೆಣ್ಣುಮಕ್ಕಳಿಗೆ, ದನ ಕಾಯುವವರಿಗೆ ಯಾವ ದಾರಿಯಲ್ಲಿ, ಯಾವ ತಿಂಗಳಲ್ಲಿ ಉಣುಗು ಹತ್ತುತ್ತದೆ ಅನ್ನುವುದು ಚೆನ್ನಾಗಿ ಗೊತ್ತು. ಅವರನ್ನು ಕೇಳದೆ ಜಾಗ ಆರಿಸುವ ವಿದ್ಯಾರ್ಥಿ ಅರ್ಧ ಮಾಹಿತಿ ಬಿಟ್ಟುಕೊಟ್ಟ ಹಾಗೆ.

ಇನ್ನೊಂದು ಬೇಡಿಕೆಯೂ ಇದೆ. ಪ್ರಬಂಧ ಮುಗಿದು, ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾಗಿ, ಅದು ಊರಿಗೆ ತಲುಪುವಷ್ಟರಲ್ಲಿ ಎರಡು ಮೂರು ಹಂಗಾಮು ದಾಟಿರುತ್ತದೆ. ಯಾವ ಬೆಟ್ಟದಲ್ಲಿ ಈ ವರ್ಷ ಎಳೆ ಉಣುಗು ಜಾಸ್ತಿ, ಯಾವುದರಲ್ಲಿ ವೈರಸ್ ಸಿಕ್ಕಿತು ಅನ್ನುವುದನ್ನು ಒಂದು ಪುಟದ ಕನ್ನಡದಲ್ಲಿ ಆಯಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಗ್ರಾಮ ಅರಣ್ಯ ಸಮಿತಿಗೆ, ಪಂಚಾಯಿತಿಗೆ ಅದೇ ಹಂಗಾಮಿನಲ್ಲಿ ಕೊಡಬೇಕು. ಇದಕ್ಕೆ ಮಾರ್ಗದರ್ಶಕರು ಒಪ್ಪಬೇಕು, ಅನುದಾನ ಕೊಡುವವರು ಅದಕ್ಕೆಂದೇ ಹಣ ಇಡಬೇಕು. ದರಗು ಗುಡಿಸುವ ಕೆಲಸ ಶುರುವಾಗುವ ಮೊದಲೇ ಆ ಹಾಳೆ ಊರಿನ ಕೈಯಲ್ಲಿರಬೇಕು.